ಪಂಚಾಂಗ ನೋಡಿ ಬರೆದ ರಜೆ

ಇವತ್ತಿನ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಹಾಲಿನ ಪ್ಯಾಕೆಟ್ ತೊಳೆದು, ಕತ್ತರಿಸಿ, ಕಾಯಲಿಟ್ಟೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ತುಳಸಿಗೆ ನೀರು ಹಾಕಿದೆ. ಸೊಸೆಯ ಡಬ್ಬಿಗೆ ಮೊಸರನ್ನ ಕಲಸಿದೆ. ಅವಳು ಕೆಲಸಕ್ಕೆ ಹೊರಟ ಮೇಲೆ ಬೆಸೆಂಟ್ ನಗರದ ಈ ಫ್ಲ್ಯಾಟಿನಲ್ಲಿ ಕಡಲ ಗಾಳಿಗೆ ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳುತ್ತವೆ. ಒಂದೊಂದಕ್ಕೂ ಒತ್ತು ಕೊಟ್ಟು ಬಂದು ಕೂತೆ. ಅಷ್ಟರಲ್ಲಿ ಅಂಚೆಯಲ್ಲಿ ಹೊಸ ಪಂಚಾಂಗ ಬಂತು. ತೆಳ್ಳನೆ ಕಾಗದ, ಮೈದಾ ಅಂಟು, ಇನ್ನೂ ಸರಿಯಾಗಿ ಆರದ ಮಸಿ... ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಹಬ್ಬ ನೆನಪಾಗುವುದಿಲ್ಲ.

ಪೆನ್ಸಿಲ್ ಹಿಡಿದು ನಮ್ಮ ಮನೆಯ ತಿಥಿಗಳಿಗೆ ಗುರುತು ಹಾಕುತ್ತ ಹೋದೆ. ಬೆರಳು ಆಷಾಢ ಬಹುಳ ಪಂಚಮಿಯ ಮೇಲೆ ನಿಂತಿತು. ಆ ದಿನ ನಮ್ಮ ಮನೆಯಲ್ಲಿ ಏನೂ ಇಲ್ಲ. ಆದರೂ ವರ್ಷಾವರ್ಷ ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಅದು ಹಿಂದೆ ನಾವಿದ್ದ ವಠಾರದ ಹಿತ್ತಿಲ ಮನೆಯ ಅಮ್ಮನ ಗಂಡ ತೀರಿಕೊಂಡ ತಿಥಿ.

ಚೀನಾದ ಯುದ್ಧ ನಿಂತು ಕೆಲವೇ ತಿಂಗಳಾಗಿತ್ತು. ನಾನು ಮೈಸೂರಿನಿಂದ ಮದುವೆಯಾಗಿ ಮದ್ರಾಸಿಗೆ ಬಂದು ಟ್ರಿಪ್ಲಿಕೇನಿನ ಒಂದು ವಠಾರದಲ್ಲಿದ್ದೆ. ಯಜಮಾನರಿಗೆ ಹಾರ್ಬರಿನಲ್ಲಿ ಕೆಲಸ. ಸೈನಿಕರಿಗೆಂದು ಊರಿನ ಹೆಂಗಸರೆಲ್ಲ ಸ್ವೆಟರ್ ಹೆಣೆಯುತ್ತಿದ್ದ ದಿನಗಳು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ಹೆಣಿಗೆಯನ್ನು ಮದ್ರಾಸಿನ ಬೆವರಿನಲ್ಲಿ ಹೆಣೆಯುವಾಗ ಉಣ್ಣೆ ಅಂಗೈಗೆ ಅಂಟಿಕೊಳ್ಳುತ್ತಿತ್ತು. ಬಾವಿಯ ಆಚೆ, ಹಿತ್ತಿಲಿನ ಒಂಟಿ ಕೋಣೆಯಲ್ಲಿ ಆ ಅಮ್ಮ ಮತ್ತು ಅವರ ಒಬ್ಬನೇ ಮಗ ಇದ್ದರು. ಉಡುಪಿ ಕಡೆಯವರು. ಗಂಡ ಬೀದಿ ಮೂಲೆಯ ಹೋಟೆಲಿನಲ್ಲಿ ಅಡುಗೆಯವರಾಗಿದ್ದು, ಒಲೆಯ ಮುಂದೆಯೇ ಕುಸಿದು ಹೋಗಿದ್ದರಂತೆ. ಈಗ ಅದೇ ಹೋಟೆಲಿನಲ್ಲಿ ಮಗ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಿದ್ದ. ಅಮ್ಮ ಮನೆಯಲ್ಲೇ ಹೋಟೆಲಿಗೆ ಉಪ್ಪಿನಕಾಯಿ ಹಾಕಿ ಕೊಡುತ್ತಿದ್ದರು. ಅವರ ಬೆರಳ ತುದಿಗಳು ಯಾವಾಗಲೂ ಮೆಣಸಿನ ಕೆಂಪಿನಲ್ಲಿರುತ್ತಿದ್ದವು. ನನ್ನನ್ನು ಮುಟ್ಟಬೇಕಾದರೆ ಮೊಣಕೈಯಿಂದ ತಟ್ಟುತ್ತಿದ್ದರು.

ಮಗನಿಗೆ ಹೊಗೆ ಸಾಕಾಗಿತ್ತು. ಹೋಟೆಲಿನ ಕೆಟ್ಟ ರೇಡಿಯೋವನ್ನು ಬಿಚ್ಚಿ ಸರಿಮಾಡಿದ ಮೇಲಂತೂ ಅವನ ತಲೆಯಲ್ಲಿ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಹೋಟೆಲಿಗೆ ದಿನಾ ಕಾಫಿಗೆ ಬರುತ್ತಿದ್ದವರೊಬ್ಬರು ಸೈನ್ಯಕ್ಕೆ ಹುಡುಗರನ್ನು ಸೇರಿಸುವ ಹವಾಲ್ದಾರರು. ಮೀಸೆ ಗೀಸೆ ಇಲ್ಲದ, ಮೆತ್ತಗೆ ಮಾತಾಡುವ ಮನುಷ್ಯ. ಬೆಂಗಳೂರಿನಲ್ಲಿ ಇದ್ದವರಾದ್ದರಿಂದ ಕನ್ನಡವೂ ಬರುತ್ತಿತ್ತು. ಸೈನ್ಯದಲ್ಲಿ ಹುಡುಗನಿಗೆ ವೈರ್‌ಲೆಸ್ ಕಲಿಸುತ್ತಾರೆ ಎಂದು ಅವರು ಹೇಳಿದರು. ಒಲೆಯ ಹತ್ತಿರ ಇನ್ನು ಹೋಗಬೇಕಾಗಿಲ್ಲ ಎಂದರು. ಒಂದು ಮಧ್ಯಾಹ್ನ ಫಾರಂ ಹಿಡಿದು ವಠಾರಕ್ಕೇ ಬಂದರು.

ಇಂಗ್ಲಿಷು ಓದಲು ನನ್ನನ್ನು ಕರೆದರು. ಜಗಲಿಯ ಮೇಲೆ ಹವಾಲ್ದಾರರು, ಕಂಬಕ್ಕೆ ಒರಗಿ ಮಗ, ಹೊಸಿಲಿನ ಒಳಗೆ ಅಮ್ಮ.

"ಎಂತ ಮಗೂ, ಅದರಲ್ಲಿ ಎಂತ ಬರ್ದದ್ದು?" ಎಂದು ಅಮ್ಮ ನನ್ನನ್ನು ಕೇಳಿದರು.

ಎಲ್ಲಿಗೆ ಕಳಿಸಿದರೂ ಹೋಗಬೇಕು, ಯಾವ ಕೆಲಸ ಕೊಟ್ಟರೂ ಮಾಡಬೇಕು ಎಂದು ಅದರಲ್ಲಿತ್ತು. ಹಾಗೆಯೇ ಹೇಳಿದೆ. ಹವಾಲ್ದಾರರು ನಕ್ಕರು.

"ಅಯ್ಯೋ, ಅದೆಲ್ಲ ಪ್ರಿಂಟಿಂಗ್ ಅಮ್ಮಾ. ಎಲ್ರಿಗೂ ಒಂದೇ ಥರ ಅಚ್ಚು ಹಾಕಿರ್ತಾರೆ. ನಿಮ್ಮ ವಿಷ್ಯ ಏನಿದ್ರೂ ಬೇರೆ ಕಾಗದದಲ್ಲಿ ಬರ್ದು ಕೊಡಿ. ನಾನೇ ಪಿನ್ ಮಾಡಿ ಕಳಿಸ್ತೀನಿ."

"ನಂಗೆ ವೈರು ಗೀರು ಗೊತ್ತಿಲ್ಲ," ಎಂದರು ಅಮ್ಮ. "ಇವನ ಅಪ್ಪ ಊರಿಗೆಲ್ಲ ಬಡಿಸಿದ್ರು. ಮನೆಯಲ್ಲಿ ಕೂತು ನೆಟ್ಟಗೆ ಒಂದು ದಿನ ಉಂಡವರಲ್ಲ. ವರ್ಷಕ್ಕೆ ಒಂದು ದಿನ ಆದ್ರೂ ಮಗನ ಕೈಯಿಂದ ಉಣ್ಲಿ. ಶ್ರಾದ್ಧಕ್ಕೆ ಇವನನ್ನು ಬಿಡ್ತಾರಾ ಇಲ್ವಾ? ಅದೊಂದು ಹೇಳಿ."

"ತಂದೆ ಕಾರ್ಯಕ್ಕೆ ರಜ ಇಲ್ಲ ಅನ್ನೋಕೆ ಯಾರಿಗಮ್ಮ ಬಾಯಿ ಬರತ್ತೆ? ತಾರೀಖು ಬರ್ದು ಕೊಡಿ. ಪ್ರತಿ ವರ್ಷ ಆ ದಿನಕ್ಕೆ ಹುಡ್ಗ ನಿಮ್ಮ ಮನೇಲಿರ್ತಾನೆ. ಇದು ನನ್ನ ಮಾತು."

ತಾರೀಖು ಎಂದಾಗಲೇ ನಮಗೆ ಪೇಚಾದದ್ದು. ನಮಗಿದ್ದದ್ದು ತಿಥಿ. ಅದು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಒಂದು ಕಡೆ ನಿಲ್ಲುವುದಿಲ್ಲ. ಮರುದಿನ ಅಮ್ಮ ಮಠದ ಹತ್ತಿರದ ಪುರೋಹಿತರಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಮುಂದಿನ ಸಂವತ್ಸರದ ಪಂಚಾಂಗ ಆಗತಾನೇ ಬಂದಿತ್ತು. ಅದರ ಮುಂದಿನದ್ದು ಎಲ್ಲಿಂದ ಬರಬೇಕು?

"ಸರ್ಕಾರದವರು ಕೇಳ್ತಾರೆ ಅಂತ ಗ್ರಹಗಳು ಮೊದಲೇ ಓಡ್ತವೆಯೇ?" ಎಂದು ಪುರೋಹಿತರು ಬೈದರು. ಬೈದುಕೊಂಡೇ ಬೆರಳು ಮಡಚಿ, ಅಧಿಕಮಾಸ ಲೆಕ್ಕ ಹಾಕಿ, ಮೂರು ವರ್ಷಕ್ಕೆ ಮೂರು ತಾರೀಖು ಹೇಳಿದರು. ಮೊದಲ ವರ್ಷದ್ದು ಜುಲೈ ಹನ್ನೊಂದು. ಎರಡನೆಯ ವರ್ಷದ್ದು ಜುಲೈ ಇಪ್ಪತ್ತೊಂಬತ್ತು.

ಗೆರೆ ಹಾಕಿದ ಫುಲ್‌ಸ್ಕೇಪ್ ಹಾಳೆಯಲ್ಲಿ, ಬಹುಮಾನ ಬಂದಿದ್ದ ನನ್ನ ಅಕ್ಷರದಲ್ಲಿ, ಅದನ್ನು ಬರೆದೆ. ಫಾರಂನಲ್ಲಿ ಈಗಿನ ಕೆಲಸ ಏನು ಎಂಬಲ್ಲಿ ಹೋಟೆಲಿನ ಅಡುಗೆ ಎಂದು ತುಂಬಿದವಳೂ ನಾನೇ. ಸುಳ್ಳು ಬರೆಯಬಾರದಲ್ಲ. ಹವಾಲ್ದಾರರು ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಜೇಬಿನಿಂದ ಗುಂಡುಸೂಜಿ ತೆಗೆದು ಫಾರಂಗೆ ಚುಚ್ಚಿದರು. ಇದರ ಮೇಲೆ ನಿಮ್ಮದೊಂದು ಸಹಿ ಬೇಡವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿರಿಯರು ಮಾತು ಕೊಟ್ಟ ಮೇಲೆ ಹಾಗೆ ಕೇಳುವುದು ಸಭ್ಯತೆಯಲ್ಲ ಎಂದು ಸುಮ್ಮನಾದೆ. ಅಮ್ಮ ಅವರಿಗೆ ಒಂದು ಜಾಡಿ ಮಾವಿನಮಿಡಿ ಕೊಟ್ಟು ಕಳಿಸಿದರು...

ಮಗ ಹೋದ. ಮೊದಲ ಜುಲೈಯಲ್ಲಿ ಅವನಿಗೆ ತರಬೇತಿ ಮುಗಿದಿರಲಿಲ್ಲ, ಬಿಡಲಿಲ್ಲ. ಮೊದಲ ವರ್ಷ ಹೀಗಾಗುತ್ತದೆ ಎಂದು ನಾವೇ ಸಮಾಧಾನ ಹೇಳಿಕೊಂಡೆವು. ಅಮ್ಮನಿಗೆ ಕನ್ನಡ ಓದಲು ಬರುತ್ತಿತ್ತಾದರೂ ಅವನ ಕಾಗದ ಬಂದರೆ ಒಮ್ಮೆ ತಾವು ಓದಿ, ಆಮೇಲೆ ನನ್ನ ಕೈಲಿ ಓದಿಸಿ ಕೇಳುತ್ತಿದ್ದರು. ವೈರ್‌ಲೆಸ್ಸಿನ ಸುದ್ದಿ ಯಾವ ಕಾಗದದಲ್ಲೂ ಇರಲಿಲ್ಲ. ಚಳಿ ಎಂದಿರುತ್ತಿತ್ತು. ಊಟ ಆಗುತ್ತದೆ ಎಂದಿರುತ್ತಿತ್ತು.

ಎರಡನೆಯ ವರ್ಷ, ಜುಲೈಗೆ ಇನ್ನೂ ಎರಡು ತಿಂಗಳಿರುವಾಗ ಒಂದು ಕಾಗದ ಬಂತು. ಇಪ್ಪತ್ತೊಂಬತ್ತಕ್ಕೆ ರಜೆ ಕೇಳಿದ್ದಕ್ಕೆ ಅಲ್ಲಿಯ ಗುಮಾಸ್ತ ಹಳೆಯ ಅರ್ಜಿ ತೆಗೆದು ನೋಡಿದನಂತೆ. ಹೋದ ವರ್ಷ ಹನ್ನೊಂದು, ಈ ವರ್ಷ ಇಪ್ಪತ್ತೊಂಬತ್ತು. ನಿನ್ನ ಅಪ್ಪ ಎಷ್ಟು ಸಲ ಸಾಯುತ್ತಾನೆ ಎಂದು ಎಲ್ಲರೆದುರು ಕೇಳಿ ನಕ್ಕನಂತೆ. ಮದ್ರಾಸಿನಲ್ಲಿ ಬರೆದು ಕೊಟ್ಟ ಕಾಗದ ಇದೆ ಎಂದರೆ, ಅಂಥ ಹಾಳೆ ಫೈಲಿನಲ್ಲಿ ಇಲ್ಲವೇ ಇಲ್ಲ ಎಂದರಂತೆ.

ಆ ಮಧ್ಯಾಹ್ನವೇ ಅಮ್ಮ ಸೀರೆ ಬದಲಾಯಿಸಿ ಬಂದು ನಿಂತರು. ಇಬ್ಬರೂ ರಿಕ್ಷಾದಲ್ಲಿ ಆ ಹವಾಲ್ದಾರರ ಕಚೇರಿಗೆ ಹೋದೆವು. ಅವರಿಗೆ ವರ್ಗವಾಗಿತ್ತು. ಅವರ ಕುರ್ಚಿಯಲ್ಲಿ ಕೂತಿದ್ದವನು ಇನ್ನೂ ಚಿಕ್ಕ ವಯಸ್ಸಿನವನು, ಒರಟನೇನಲ್ಲ. ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವನು ತಮಿಳಿನಲ್ಲಿ ಉತ್ತರ ಕೊಟ್ಟ. "ಇಂಥ ಕಾಗದ ತುಂಬ ಬರುತ್ತದೆ ಅಮ್ಮಾ. ತಂಗಿ ಮದುವೆ ಅಂತ, ಕಾವಡಿ ಹೊರುವ ಹರಕೆ ಅಂತ... ಅದನ್ನೆಲ್ಲ ಮೇಲಕ್ಕೆ ಕಳಿಸುವುದಿಲ್ಲ."

"ಹಾಗಾದರೆ ಬರೆಸಿಕೊಳ್ಳುವುದು ಯಾಕೆ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಬರೆದುಕೊಟ್ಟರೆ ಮನೆಯವರಿಗೆ ಸಮಾಧಾನ," ಎಂದ.

ಅಮ್ಮನಿಗೆ ತಮಿಳು ಅರ್ಥವಾಗುತ್ತಿತ್ತು. ನಾನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ. ವಾಪಸು ಬರುವಾಗ ಅವರು ಒಂದೇ ಮಾತು ಹೇಳಿದ್ದು: "ಮಿಡಿ ಒಳ್ಳೇದಿತ್ತು ಆ ವರ್ಷ."

ನಾನು ಕೈಕಟ್ಟಿ ಕೂರಲಿಲ್ಲ. ಮಗನಿದ್ದ ಪಡೆಯ ದೊಡ್ಡ ಅಧಿಕಾರಿಗೆ ನಾಲ್ಕು ಪುಟದ ಕಾಗದ ಬರೆದೆ. ಚಂದ್ರನ ತಿಂಗಳೆಂದರೇನು, ತಿಥಿ ಯಾಕೆ ಸರಿಯುತ್ತದೆ, ಒಬ್ಬನೇ ಮಗನಾದರೆ ಆ ದಿನ ಅವನು ಯಾಕೆ ಇರಬೇಕು... ಪುರೋಹಿತರು ಕೊಟ್ಟ ತಾರೀಖುಗಳನ್ನೂ ಮತ್ತೆ ಬರೆದೆ, ಮೊದಲಿನದ್ದೂ ಎರಡನೆಯದ್ದೂ, ಒಂದರ ಕೆಳಗೊಂದು. ಯಾರೋ ಒಳ್ಳೆಯ ಮನಸ್ಸಿನವರು ಅದನ್ನು ಓದಿರಬೇಕು. ಜೂನ್ ಕೊನೆಗೆ ಮಗನ ಕಾರ್ಡು ಬಂತು, ಹತ್ತು ದಿನದ ರಜೆ ಸಿಕ್ಕಿದೆ, ಹೊರಡುತ್ತೇನೆ ಎಂದು. ಅಮ್ಮ ಆ ಕಾರ್ಡನ್ನು ದೇವರ ಮುಂದಿಟ್ಟರು. ನಮ್ಮ ಮನೆಗೆ ಬೆಲ್ಲದ ಪಾಯಸ ಬಂತು.

ಅವನು ಬಂದದ್ದು ಜುಲೈ ಒಂಬತ್ತಕ್ಕೆ.

ಬಾವಿಕಟ್ಟೆಯಲ್ಲಿ ಟ್ರಂಕು ಇಳಿಸಿ ನಿಂತವನು ಅಮ್ಮನಿಗಿಂತ ಮೊದಲು ನನ್ನನ್ನು ನೋಡಿದ. ಕೈಯಲ್ಲಿದ್ದ ರಜೆಚೀಟಿಯನ್ನು ಕೊಟ್ಟ. ನನ್ನ ಕಾಗದದಲ್ಲಿದ್ದ ಎರಡು ತಾರೀಖುಗಳಲ್ಲಿ ಮೊದಲು ಬರೆದದ್ದೇ ನಿಜವಿರಬೇಕು ಎಂದು ಅವರು ತೀರ್ಮಾನ ಮಾಡಿದ್ದರು. ಹನ್ನೊಂದಕ್ಕೆ ಸರಿಯಾಗಿ ಮನೆಯಲ್ಲಿರುವ ಹಾಗೆ, ದಯೆಯಿಂದ, ಎರಡು ದಿನ ಮುಂಚೆಯೇ ಬಿಟ್ಟಿದ್ದರು. ಅವನು ಹೊರಡಬೇಕಾದದ್ದು ಹದಿನೆಂಟಕ್ಕೆ. ತಿಥಿ ಇಪ್ಪತ್ತೊಂಬತ್ತಕ್ಕೆ.

"ಬರ್ಲೇಬಾರ್ದು ಅಂತ ಮಾಡಿದ್ದೆ ಅಕ್ಕ," ಎಂದ. "ಬರದಿದ್ರೆ ಈ ರಜೆಯೂ ಹೋಗ್ತದೆ ಅಂದ್ರು."

ಪುರೋಹಿತರ ಹತ್ತಿರ ಅಮ್ಮ ಎರಡು ಸಲ ಹೋಗಿ ಬಂದರು. ತಿಥಿಯನ್ನು ಹಿಂದಕ್ಕೆ ತರಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಬೇಕಾದರೆ ಮಗನಿಂದ ದರ್ಭೆ ಕೊಡಿಸಿ, ಆ ದಿನ ಬೇರೆಯವರ ಕೈಯಿಂದ ಮಾಡಿಸಬಹುದು, ಶಾಸ್ತ್ರದಲ್ಲಿ ಅವಕಾಶವಿದೆ ಎಂದರು ಅವರು.

"ಶಾಸ್ತ್ರದಲ್ಲಿ ಉಂಟು ಭಟ್ರೇ, ನಾನು ಇಲ್ಲ ಅನ್ನುದಿಲ್ಲ," ಎಂದರು ಅಮ್ಮ. "ಅವರಿಗೆ ಬೇಕಾದದ್ದು ಮಗನ ಕೈ."

ಆ ಹತ್ತು ದಿನ ಆ ಕೋಣೆಯಿಂದ ಒಗ್ಗರಣೆಯ ವಾಸನೆ ನಿಲ್ಲಲಿಲ್ಲ. ಒಮ್ಮೆ ನಾನು ಮಜ್ಜಿಗೆ ಕೇಳಲು ಹೋದಾಗ ಅವನು ತರಕಾರಿ ಹೆಚ್ಚಿಕೊಡುತ್ತಿದ್ದ. ಹಿಂದೆ ದೋಸೆ ತಿರುವುತ್ತಿದ್ದ ಕೈಯಲ್ಲ ಅದು. ಚಾಕುವನ್ನು ಎಲುಬಿರುವ ಏನನ್ನೋ ಕತ್ತರಿಸುವವನ ಹಾಗೆ ಮೇಲಿಂದ ಇಳಿಸುತ್ತಿದ್ದ. ಫಾರಂ ನೋಡಿ ಸೈನ್ಯದಲ್ಲೂ ಅವನನ್ನು ಅಡುಗೆಮನೆಗೇ ಹಾಕಿದ್ದರು. ಅಮ್ಮ ಹಲಗೆಯನ್ನೇ ನೋಡುತ್ತಿದ್ದರು.

"ಅಲ್ಲಿ ಎಂತೆಲ್ಲ ಬೇಯಿಸ್ತೀಯ ನೀನು?"

"ಅನ್ನ," ಎಂದ ಅವನು.

ಅಮ್ಮ ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಮಜ್ಜಿಗೆ ಕೇಳದೆ ಹಿಂದಿರುಗಿದೆ.

ಅವನು ಹದಿನೆಂಟಕ್ಕೆ ಹೊರಟ. ಇಪ್ಪತ್ತೊಂಬತ್ತರಂದು ಹಿತ್ತಿಲ ಒಲೆ ಹತ್ತಲಿಲ್ಲ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ನಗುತ್ತ ಮಾತು ಕೊಟ್ಟವರು ಯಾವ ಊರಿನಲ್ಲೋ ಇನ್ನಾರದೋ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನನಗಾದರೂ ಹಗುರಾಗುತ್ತಿತ್ತು. ಅವರು ಮೊಣಕೈಯಿಂದ ನನ್ನನ್ನು ತಟ್ಟಿ, "ನೀನು ಊಟ ಮಾಡು ಹೋಗು ಮಗೂ, ಬಸುರಿ ಹೆಂಗಸು," ಎಂದರು.

ಮುಂದಿನ ವರ್ಷ ಮತ್ತೆ ಯುದ್ಧದ ಮಾತು ಶುರುವಾಗಿ ಎಲ್ಲರ ರಜೆಯೂ ನಿಂತಿತು. ಮೂರನೆಯ ತಾರೀಖೂ ಕಳೆದುಹೋಯಿತು. ಅದರ ಮರುವರ್ಷ ಬೇಸಿಗೆಯಲ್ಲಿ ಅಮ್ಮ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ತಂತಿ ಕೊಟ್ಟೆವು, ಅದು ಅವನನ್ನು ಮುಟ್ಟಿದ್ದು ಯಾವಾಗಲೋ. ಹೋಟೆಲಿನವರೇ ಹೆಗಲು ಕೊಟ್ಟರು. ಎರಡು ತಿಂಗಳ ಮೇಲೆ ನನ್ನ ಹೆಸರಿಗೆ ಅವನ ಕಾರ್ಡು ಬಂತು. ಅಳು, ಆಕ್ಷೇಪ ಏನೂ ಇಲ್ಲ. "ಅಕ್ಕ, ಅಮ್ಮನ ತಿಥಿ ಯಾವುದೆಂದು ಬರೆದು ತಿಳಿಸಿ. ತಾರೀಖು ಬೇಡ." ಅಷ್ಟೇ.

ವೈಶಾಖ ಶುದ್ಧ ನವಮಿ ಎಂದು ಬರೆದು ಹಾಕಿದೆ. ಉತ್ತರ ಬರಲಿಲ್ಲ. ಆಮೇಲೆ ವಠಾರವನ್ನು ಮಾರಿದರು, ನಾವೂ ಮನೆ ಬದಲಾಯಿಸಿದೆವು. ಆ ಕಾಗದ ಅವನ ಕೈ ಸೇರಿತೋ, ಎಲ್ಲಾದರೂ ಒಂದು ಹೊಳೆಯ ದಂಡೆಯಲ್ಲಿ ಕೂತು ಇಬ್ಬರಿಗೂ ಎಳ್ಳುನೀರು ಬಿಟ್ಟನೋ... ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಬರೆಯಲು ಬಲ್ಲೆ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ನಂಬಿದ್ದರು. ನಾನು ಬರೆದದ್ದರಿಂದ ಅವರಿಗೆ ಆದದ್ದು ಇದು.

ಸಂಜೆ ಗಾಳಿಗೆಂದು ಕಾರಿಡಾರಿನಲ್ಲಿ ಕೂತಿದ್ದೆ. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ಮಡಚುತ್ತ ಬಂದು, ಯಾಕೆ ಒಂಥರಾ ಇದ್ದೀರಿ ಎಂದು ಕೇಳಿದಳು. ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು, ಒಳ್ಳೆಯವಳು. ಹಿಂದೆ ನಮ್ಮ ವಠಾರದಲ್ಲಿ ಒಬ್ಬರಿದ್ದರು, ಸೈನ್ಯ ಸೇರಿದ ಮಗನಿಗೆ ಅಪ್ಪನ ಶ್ರಾದ್ಧಕ್ಕೆ ಬರಲು ಆಗಲಿಲ್ಲ ಎಂದಷ್ಟೇ ಹೇಳಿದೆ. ಅವಳು ದಿಂಬಿನ ಕವರೊಂದನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಚಿದಳು.

"ಇಪ್ಪೊ ಅದೆಲ್ಲ ಈಸಿ ಮಾಮಿ. ನಮ್ಮ ಭಾವ ದುಬೈಯಲ್ಲೇ ಕೂತ್ಕೊಂಡು ಫೋನಲ್ಲೇ ಮುಗಿಸ್ಬಿಟ್ರು, ಅರ್ಧ ಗಂಟೆ ಅಷ್ಟೇ. ಲೀವ್ ಕೂಡ ಹಾಕ್ಲಿಲ್ಲ."