ನಮ್ಮ ಸರ್ ತಿದ್ದಿದ ಪುಟ

ವೈನಿ ಫೋನಿನಲ್ಲಿ ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ಹೆಸರುಕಾಳು ಗಿಡದಾಗ ಮೊಳಕಿ ಒಡದಾವ ನೋಡವಾ. ಓಣಿಯವರದ್ದೂ ಹಂಗ ಆಗೇತಿ," ಎಂದಷ್ಟೇ ಹೇಳಿ ಫೋನು ಇಟ್ಟರು.

ವೈನಿ ಎಂದರೆ ತಿರ್ಲಾಪುರದಲ್ಲಿರುವ ನನ್ನ ಅಣ್ಣನ ಹೆಂಡತಿ. ಹೊಲದ ಕಾರಭಾರವೆಲ್ಲ ಅವರದೇ. ಅವರನ್ನು ಕೇಳದೆ ಓಣಿಯ ಹೆಂಗಸರು ಬೀಜ ತರುತ್ತಿರಲಿಲ್ಲ, ಅಂಥ ಮಾತು ಅವರದು. ನಾನು ಅಣ್ಣಿಗೇರಿಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ, ಬಿಡುವಾದಾಗ ಕನ್ನಡದ ಆನ್‌ಲೈನ್ ವಿಶ್ವಕೋಶಕ್ಕೆ ಬೆಳೆಗಳ ಬಗ್ಗೆ ಬರೆಯುತ್ತೇನೆ. ವೈನಿ ಬಿತ್ತಿದ ಈ ಹೊಸ ಹೆಸರುಕಾಳಿನ ತಳಿಯ ಪುಟ ಶುರುಮಾಡಿದವಳೂ ನಾನೇ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಾಯಿಯಲ್ಲೇ ಮೊಳೆಯುತ್ತದೆ ಎಂದು, ಒಂದು ಕೃಷಿ ಮಾಸಪತ್ರಿಕೆಯ ಆಧಾರ ಕೊಟ್ಟು ಬರೆದಿದ್ದೆ. ನಮ್ಮ ಎರೆಭೂಮಿಯ ಜನಕ್ಕೆ ಬೇಕಾದದ್ದೇ ಆ ಮಾತು.

ಬಿತ್ತುವ ಮುಂಚೆ ವೈನಿ ಆ ಪುಟವನ್ನು ಮೊಬೈಲಿನಲ್ಲಿ ತೆಗೆದು, "ನಮ್ಮ ನಾದಿನಿ ಬರದಿದ್ದೈತಿ, ಅನುಮಾನ ಬ್ಯಾಡ್ರಿ," ಎಂದು ಎಲ್ಲರಿಗೂ ಓದಿ ಹೇಳಿದ್ದರಂತೆ. ನಾನು ಪುಟ ತೆರೆದು ನೋಡಿದೆ. ನನ್ನ ಆ ಸಾಲು ಮಾಯ! ಅದರ ಜಾಗದಲ್ಲಿ ಎಲ್ಲ ಹವಾಮಾನಕ್ಕೂ ಒಗ್ಗುವ ತಳಿ ಎಂದಿತ್ತು. ಕೆಳಗೆ ಆಧಾರವೆಂದು ಕೊಟ್ಟ ಪ್ರಬಂಧಗಳೆಲ್ಲ ಒಬ್ಬರವೇ. ಆ ತಳಿಯನ್ನು ಅಭಿವೃದ್ಧಿಪಡಿಸಿದ ವಿಜ್ಞಾನಿಯವು. ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದ ನಮ್ಮ ಸರ್ ಅವರೇ.

ಕೂಡಲೇ ಫೋನು ಮಾಡಿದೆ. ಅವರು ಮುಚ್ಚಿಡಲೂ ಇಲ್ಲ.

"ಹೌದವಾ ತಂಗಿ, ನಾನ ತಗದೀನಿ. ಅದು ನನ್ನ ತಳಿ. ಅದರ ಬಗ್ಗೆ ನನಗಿಂತ ಹೆಚ್ಚು ಯಾರಿಗೆ ಗೊತ್ತೈತಿ?"

ಏನು ಧಿಮಾಕು ಅಂತೀನಿ! ವೈನಿ ಕಳಿಸಿದ ಮೊಳಕೆಕಾಳಿನ ಫೋಟೋವನ್ನು ನಮ್ಮ ಹೊಲದ್ದೆಂದು ಬರೆದು ಹಾಕಿ, ನನ್ನ ಸಾಲನ್ನು ವಾಪಸು ಸೇರಿಸಿದೆ. ಮರುದಿನ ಅದೂ ಹೋಗಿತ್ತು. ಅಳಿಸಿದ್ದಕ್ಕೆ ಸರ್ ಬರೆದ ಕಾರಣವನ್ನು ಓದಿ ಮೈಯೆಲ್ಲ ಉರಿದುಹೋಯಿತು. ಅದು ನನ್ನ ಮನೆತನದ ಹೊಲವಂತೆ, ಹಾಗಾಗಿ ಇದರಲ್ಲಿ ನನ್ನ ಸ್ವಂತ ಹಿತಾಸಕ್ತಿ ಇದೆಯಂತೆ! ಜಗತ್ತಿನ ಸ್ವಾರ್ಥವೆಲ್ಲ ನಮ್ಮ ಹೊಲದಲ್ಲೇ ಬೆಳೆದಿತ್ತು, ಅವರ ಪ್ರಯೋಗಾಲಯದಲ್ಲಿ ಒಂದು ಎಳೆಯೂ ಇರಲಿಲ್ಲ.

ನಮ್ಮೂರಲ್ಲಿ ಬದುವಿನ ತಂಟೆ ಹಿರಿಯರ ಮುಂದೆ ಬಂದಾಗ, ಆ ಹೊಲ ಕಟ್ಟೆಯ ಮೇಲೆ ಕೂತವರಲ್ಲೇ ಒಬ್ಬರದಾಗಿದ್ದರೆ, ಅವರು ಯಾರೂ ಹೇಳದೆ ಕೆಳಗಿಳಿದು ಕೂಡುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ತೀರ್ಪಿನಲ್ಲಿ ಬಾಯಿ ಹಾಕುವುದಿಲ್ಲ. ನಾನೂ ಪುಟದ ಚರ್ಚೆಯಲ್ಲಿ ಹಾಗೇ ಬರೆದೆ: ಈ ಹೊಲ ನಮ್ಮದು, ಇನ್ನು ಮುಂದೆ ನಾನು ಈ ಪುಟ ಮುಟ್ಟುವುದಿಲ್ಲ. ಆಮೇಲೆ ಸರ್‌ಗೆ ಫೋನು ಮಾಡಿ, "ನಾ ಕಟ್ಟಿ ಇಳದೀನ್ರಿ ಸರ್. ನೀವೂ ಇಳೀರಿ," ಎಂದೆ.

"ನಾ ಇಳಿದ್ರ ಅಲ್ಲಿ ತಿಳಿದಾವ್ರು ಯಾರು ಉಳೀತಾರವಾ?" ಎಂದರು. ಅದನ್ನು ಮನಸ್ಸಿನಿಂದಲೇ ಹೇಳಿದರು, ಅದಕ್ಕೇ ನನಗೆ ಇನ್ನೂ ಸಿಟ್ಟು. ಕಳ್ಳನಾಗಿದ್ದರೆ ಒಂದು ನಾಚಿಕೆಯಾದರೂ ಇರುತ್ತಿತ್ತು. ನಾನು ಇಳಿದೆ, ಅವರು ಇಳಿಯಲಿಲ್ಲ. ಪುಟ ಅವರದಾಗಿಯೇ ಉಳಿಯಿತು.

ತಿರ್ಲಾಪುರಕ್ಕೆ ಹೋಗಿ ವೈನಿಗೆ ಎಲ್ಲ ಬಿಡಿಸಿ ಹೇಳಿದೆ.

"ಅದನ್ನ ಯಾರ ಬೇಕಾದ್ರೂ ತಿದ್ದಬಹುದಾ?"

"ಹೂನ್ರಿ ವೈನಿ."

"ಬೀಜ ಮಾಡಿದಾವ್ರೂ?"

"ಹೂನ್ರಿ."

ವೈನಿ ಮೊರದಲ್ಲಿದ್ದ ಜೋಳ ಕೇರುತ್ತ ಕೂತರು.

ಮುಂದಿನ ಮುಂಗಾರಿನ ಹೊತ್ತಿಗೆ ನಾನು ಮತ್ತೆ ತಿರ್ಲಾಪುರಕ್ಕೆ ಹೋಗಿದ್ದೆ. ರೂಢಿಯಂತೆ ಓಣಿಯ ಹೆಂಗಸರು ಬಂದು ಪಡಸಾಲೆಯಲ್ಲಿ ಕೂತು, ಈ ಸಲ ಯಾವ ಬೀಜ ತರಬೇಕು ಎಂದು ಕೇಳಿದರು.

"ನನ್ನ ಕೇಳಬ್ಯಾಡ್ರಿ ಯವ್ವಾ," ಎಂದು ವೈನಿ ತಲೆ ತಗ್ಗಿಸಿದರು.

ಅವರು ಚಹಾ ಕುಡಿದರು, ಮಳೆಯ ಮಾತಾಡಿದರು. ಕಡೆಗೆ ಒಬ್ಬಾಕೆ ಸೆರಗು ಸರಿಮಾಡಿಕೊಂಡು ಎದ್ದಳು. "ನಡೀರಿ ಹಂಗಾರ, ಬೀಜ ಮಾರಾವನ್ನ ಕೇಳೂಣು," ಎಂದಳು. ಎಲ್ಲರೂ ಅವಳ ಹಿಂದೆ ಹೋದರು.