ಬೇರೆ ಗ್ರಹಕ್ಕೆ ವರ್ಗಾ

ನಮ್ಮ ವಿಜ್ಞಾನದ ಸರ್ ಅವರ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕದ್ದು ಪೇರಲಹಣ್ಣು ತಿನ್ನುವವರನ್ನು ಅದೇ ಕಣ್ಣಿನಿಂದ ಹಿಡಿಯುತ್ತಿದ್ದರು. "ನನಗ ನಿದ್ದಿ ಹತ್ತೈತಿ ಅಂತ ತಿಳಕೊಂಡೀರೇನಲೇ?" ಎನ್ನುತ್ತಿದ್ದರು. ಒಂದು ದಿನವೂ ಯಾರಿಗೂ ಹೊಡೆದವರಲ್ಲ. ನವಲಗುಂದದ ಕಡೆಯ ನಮ್ಮೂರ ಶಾಲೆಯಿಂದ ಅವರಿಗೆ ಒಮ್ಮೆ ವರ್ಗಾ ಆದಾಗ, ಊರಿಗೆ ಊರೇ ಅರ್ಜಿಗೆ ಸಹಿ ಹಾಕಿ, ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋಗಿ ರದ್ದು ಮಾಡಿಸಿಕೊಂಡು ಬಂದಿತ್ತು. ನನ್ನ ತಂಗಿಯೂ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದಳು.

ಶಾಲೆಗೆ ದೊಡ್ಡ ಟಿವಿ ಬಂದ ವರ್ಷ ನಾನು ಏಳನೇ ತರಗತಿ, ತಂಗಿ ಎರಡನೇ ತರಗತಿ. ಸರ್ ಒಂದು ಬಾಹ್ಯಾಕಾಶದ ಸಿನಿಮಾ ತಂದರು. ಮೂರು ಭಾಗ, ಗ್ರಹಗ್ರಹಗಳ ನಡುವಿನ ಯುದ್ಧ. ಮೊದಲ ಶನಿವಾರವೇ ಒಬ್ಬ ಪಾಲಕರು ಬಾಗಿಲಲ್ಲಿ ನಿಂತು, "ಇಂಥಾದ್ದನ್ನ ಸಣ್ಣ ಹುಡುಗೂರಿಗೆ ತೋರಸ್ತಾರೇನ್ರಿ? ಬರೇ ಸುಡೂದು, ಸಾಯೂದು" ಎಂದು ಜಗಳ ತೆಗೆದರು. ಸರ್ ಟಿವಿಯ ದನಿ ಬಂದ್ ಮಾಡಿ, "ಇನ್ನ ಯಾರೂ ಸಾಯೂದಿಲ್ರಿ, ನೀವೂ ಕೂಡ್ರಿ" ಎಂದರು.

ಅಲ್ಲಿಂದ ಕತೆ ಅವರದೇ ಆಯಿತು. ಮುದುಕ ಸೇನಾಪತಿ ಕುಸಿದು ಬಿದ್ದರೆ, "ಇವರಿಗೆ ಬೇರೆ ಗ್ರಹಕ್ಕ ವರ್ಗಾ ಆತು" ಎನ್ನುವರು. ಹಡಗೊಂದು ಸಿಡಿದು ಚೂರಾದಾಗ, "ನೋಡ್ರಿ, ಒಮ್ಮೆಲೇ ನಾಕನೂರ ಮಂದಿಗೆ ಆರ್ಡರ್ ಬಂತು!" ಎಂದರು. ನಾವು ಹೊಟ್ಟೆ ಹಿಡಿದು ನಕ್ಕೆವು. ಸರ್ಕಾರಿ ಮಾಸ್ತರರಿಗೆ ಅದಕ್ಕಿಂತ ಭಯಂಕರವಾದದ್ದು ಬೇರೆ ಏನು ತಾನೇ ಹೊಳೆದೀತು?

ಮೂರನೇ ಭಾಗ ಮುಗಿದ ವಾರ, ಸೈಕಲ್ ಅಂಗಡಿ ನಡೆಸುತ್ತಿದ್ದ ನಮ್ಮಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ತಂಗಿಗೆ ಮಣ್ಣು ಮಾಡುವುದನ್ನು ತೋರಿಸಬಾರದೆಂದು ಕಲಘಟಗಿಯ ಮಾವನ ಮನೆಗೆ ಕಳಿಸಿದ್ದರು. ತಿರುಗಿ ಬಂದವಳಿಗೆ ಹೇಳಲು ಅವ್ವನಿಗೆ ಬಾಯಿ ಬರಲಿಲ್ಲ. "ಅಪ್ಪಗ ವರ್ಗಾ ಆಗೈತಿ, ಹೌದಿಲ್ಲಕ್ಕಾ?" ಎಂದು ಅವಳೇ ಕೇಳಿದಳು. ನಾನು ಹೂಂ ಎಂದೆ.

ಮರುದಿನ ಅರ್ಜಿ ಬರೆದುಕೊಡು ಎಂದು ಗಂಟುಬಿದ್ದಳು. ಅವಳು ಹೇಳಿದಳು, ನಾನು ಬರೆದೆ: ನಮ್ಮ ಅಪ್ಪನ ವರ್ಗಾವಣೆ ರದ್ದು ಮಾಡಬೇಕು, ಅಂಗಡಿಯಲ್ಲಿ ಮೂರು ಸೈಕಲ್ ಬಿಚ್ಚಿದ್ದು ಹಾಗೇ ಇವೆ. ತನ್ನ ತರಗತಿಯವರೆಲ್ಲರ ಸಹಿ ಹಾಕಿಸಿ ಸರ್ ಕೈಗೆ ಕೊಟ್ಟಳು. "ನಿಮ್ದು ರದ್ದಾಗಿತ್ತಲ್ರಿ ಸರ, ಅದ ಆಫೀಸಿಗೆ ಕೊಡ್ರಿ."

ಸರ್ ನನ್ನ ಅಕ್ಷರ ಗುರುತಿಸಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಅವಳೆದುರು ನೆಲದ ಮೇಲೆ ಕೂತರು.

"ನಾ ಸುಳ್ಳ ಹೇಳಿದ್ದೆ ನಮ್ಮವ್ವಾ. ಸಿನಿಮಾದಾಗ ಅವರೆಲ್ಲಾ ಸತ್ತಿದ್ರು. ನಿಮ್ಮಪ್ಪನೂ ಸತ್ತಾನ. ಸತ್ತವರು ತಿರುಗಿ ಬರೂದಿಲ್ಲ."

"ನಾಕನೂರ ಮಂದೀನೂ?"

"ಹೌದವಾ."

ತಂಗಿ ಅಳಲಿಲ್ಲ. ಅರ್ಜಿಯನ್ನು ಅವರ ಕೈಯಿಂದ ತೆಗೆದುಕೊಂಡು ಹೋದಳು. ಮತ್ತೆಂದೂ ಅವರೊಡನೆ ಮಾತಾಡಲಿಲ್ಲ. ಶಾಲೆ ಬಿಟ್ಟ ಮೇಲೆ ಸರ್ ನಮ್ಮ ಮನೆಗೆ ಬರುವರು. ಅವಳು ಎದ್ದು ಒಳಗೆ ಹೋಗುವಳು. ಒಮ್ಮೆ ಅವ್ವನಿಗೆ ಹೇಳಿದರು: "ಆ ಸಿನಿಮಾ ಮಕ್ಕಳಿಗೆ ತಕ್ಕದ್ದಿತ್ತೋ ಇಲ್ಲೋ ನನಗ ಗೊತ್ತಿಲ್ಲಬೇ ಯಕ್ಕಾ. ನನ್ನ ಕತಿ ತಕ್ಕದ್ದಿರಲಿಲ್ಲ." ನಿಜ ಹೇಳಬೇಕಾದವಳು ನಾನು, ಹೇಳಿದವರು ಅವರು. ಅವಳ ಸಿಟ್ಟೆಲ್ಲ ಅವರ ಪಾಲಿಗೆ ಹೋಯಿತು. ಈ ಋಣ ತೀರುವಂಥದ್ದಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಒಲ್ಲೆನೆಂದರೂ ತಂಗಿಯನ್ನು ಅವರ ಮನೆಗೆ ಎಳೆದುಕೊಂಡು ಹೋದೆ. ಅವರ ಪುಟ್ಟ ಮೊಮ್ಮಗಳು ಅಜ್ಜನನ್ನು ಎಬ್ಬಿಸಿರೆಂದು ಹಟ ಮಾಡುತ್ತಿದ್ದಳು. "ಮಲಗ್ಯಾರವಾ, ಎದ್ದು ಬರ್ತಾರ" ಎಂದರು ಯಾರೋ. ತಂಗಿ ಮಗುವಿನ ಮುಂದೆ ಮೊಣಕಾಲೂರಿ, "ಅಜ್ಜಾರು ಸತ್ತಾರ. ಬರೂದಿಲ್ಲ" ಎಂದಳು. ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದರು. ಮಗು ಮಾತ್ರ, "ಹಂಗಾರ ನಾಳೆ ಬರ್ತಾನೇನು?" ಎಂದಿತು.

ತಂಗಿ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.