ನೀರು ತಾಗದ ಬಲಗೈ

ಇಂಗ್ಲೆಂಡಿನ ಗಡಿಯ ರೀಡ್ ಕಣಿವೆಯಲ್ಲಿ ಗಂಡುಮಗುವಿಗೆ ಪಾದ್ರಿ ದೀಕ್ಷಾಸ್ನಾನ ಮಾಡಿಸುವಾಗ, ಸೂಲಗಿತ್ತಿ ಮಾಲ್ಡ್ ಅದರ ಬಲಗೈಯನ್ನು ನೀರು ತಾಗದಂತೆ ಎತ್ತಿ ಹಿಡಿಯುತ್ತಿದ್ದಳು. ಒದ್ದೆಯಾಗದ ಆ ಕೈ ಗಡಿಯಾಚೆಯ ಸ್ಕಾಟರನ್ನು ಕೊಂದರೆ ಪಾಪವಿಲ್ಲವಂತೆ.

ಈ ವರ್ಷ ಕಣಿವೆಯ ಧಣಿ ತನ್ನ ರಾಜನ ಮೇಲೆಯೇ ದಂಗೆಯೆದ್ದ. ಅವನ ಆಳು ಹಾಬ್, ದಂಗೆಗೆ ಬರಲೊಪ್ಪದ ನೆರೆಮನೆಯ ವ್ಯಾಟ್‌ನನ್ನು ಕಡಿದು ಕೊಂದ. ದೀಕ್ಷಾಸ್ನಾನದಲ್ಲಿ ಇಬ್ಬರ ಬಲಗೈಯನ್ನೂ ಎತ್ತಿ ಹಿಡಿದವಳು ಮಾಲ್ಡ್. ಕೊನೆಗೆ ಧಣಿಗೆ ಕ್ಷಮೆ ಸಿಕ್ಕಿತು, ವ್ಯಾಟ್‌ಗೆ ಮಣ್ಣು ಸಿಕ್ಕಿತು.

ಭಾನುವಾರ ಹಾಬ್‌ನ ಮಗನ ದೀಕ್ಷಾಸ್ನಾನದಲ್ಲಿ ಮಾಲ್ಡ್ ಮಗುವಿನ ಬಲಗೈಯನ್ನು ನೀರಿಗೆ ಬಿಟ್ಟಳು.

“ಏ ಮುದುಕಿ, ಕೈ ನೆನೀತಲ್ಲೇ! ಕಣ್ಣು ಕಾಣಲ್ವಾ?” ಎಂದು ಹಾಬ್ ಕೂಗಿದ.

“ಈಗ ಕಾಣ್ತದೆ ಕಣೋ. ನಿನ್ನ ಕೈ ಹಿಡಿದಾಗ್ಲೇ ಕಾಣ್ಬೇಕಿತ್ತು.”

ಮಗುವನ್ನು ಅವನಿಗೆ ಕೊಟ್ಟು, ತನ್ನ ಬಲಗೈಯನ್ನು ಅದೇ ನೀರಿನಲ್ಲಿ ಅದ್ದಿದಳು. ಪಾದ್ರಿ ಸಾಕೆಂದರೂ ಮೇಲೆತ್ತಲಿಲ್ಲ.